ಗಾಡಿ ಪಾಲು

…ಅಲ್ಲ ಚಂದನಾ, ಬರೂದಿಲ್ಲ ಅಂತ ನಾನೆಲ್ಲಿ ಹೇಳ್ದೆ? ಬರ್ತೆ. ಬರ್ತಾನೇ ಇದ್ದೆ, ನಿನ್ನ ಗಾಡೀಲಿ ನಿನ್ನ ಪಕ್ಕದಲ್ಲೇ ಕುಂತಿದ್ದೆ ನೋಡು. ಆಫೀಸಿನ ಒಳಗೆ ಬರೂದಿಲ್ಲ ಅಂದೆ, ಅಷ್ಟೇಯ. ನಾನು ಗೇಟಿನ ಹತ್ರ ಬುಟ್ಟಿ ಕಾಯ್ಕಂಡು ನಿಲ್ತೆ, ನೀ ಒಳಗೆ ಹೋಗಿ ಸಾಯೇಬ್ರ ಹತ್ರ ಮಾತಾಡ್ಕಂಡು ಬಾ. ಬೆಳಕು ಹರಿಯೂಕಿಂತ ಮೊದ್ಲು ಬಂದರಕ್ಕೆ ಉಟ್ಕಂಡು ಹೋದ ಸೀರೆ ಇದು, ಸೆರಗು ಹಿಂಡಿದ್ರೆ ಮೀನು ನೀರು ಬೀಳ್ತದೆ. ಇದ್ರಲ್ಲಿ ನಾನು ಆರ್‌ಟಿಓ ಆಫೀಸಿನ ಕುರ್ಚಿ ಮೇಲೆ ಕುಂತ್ರೆ, ಅವ್ರು ಕಡೆಗೆ ಆ ಕುರ್ಚೀನೇ ತಕಂಡು ಹೋಗಿ ಬಾವಿಕಟ್ಟೆ ಹತ್ರ ತೊಳೀಬೇಕು.

ನಗೂದಿಲ್ವಾ? ಬೇರೆ ದಿನ ಆಗಿದ್ರೆ ನಗ್ತಿದ್ದಿ.

ಹಿಂದೆ ಎಂತ ಮಾಡ್ತಿದ್ದಿ ಅಷ್ಟು ಹೊತ್ತು? ಮಂಕೀಲಿ ಹೊನ್ನಿ ಇಳಿದು, ಬುಟ್ಟಿ ಹೊತ್ಕಂಡು ಆ ಮೂಲೆ ತಿರುಗಿ ಹೋತು, ಆದ್ರೂ ನೀ ಹಿಂದಿನ ಬಾಗ್ಲು ಹಾಕಲೇ ಇಲ್ಲ. ಬುಟ್ಟಿ ಸರ್ಸೂ ಶಬ್ದ ಕೇಳ್ತಾ ಇತ್ತು. ನನ್ನ ಬುಟ್ಟಿನೂ ಸರಿ ಮಾಡ್ದ್ಯಾ? ಮಾಡಿದ್ರೆ ಒಳ್ಳೇದಾತು, ಮೇಲಿನ ಒದ್ದೆ ಗೋಣಿ ಆಗಿಂದ ಜಾರ್ತಾ ಇತ್ತು. ನಾನೇ ಇಳಿದು ಬರ್ತಿದ್ದೆ, ಈ ಬಾಗ್ಲೊಂದು ಒಳಗಿಂದ ತೆಗಿಯೂಕೆ ಬರೂದಿಲ್ಲ. ನೀನೇ ಸುತ್ತು ಹಾಕಿ ಬಂದು ತೆಗೀಬೇಕು. ಮಡಗಾಂವದವ ಗಾಡಿ ಮಾರೂವಾಗ ಈ ಬಾಗ್ಲಿನ ವಿಷ್ಯ ಹೇಳಿದ್ನಾ? ಹೇಳಿರೂದಿಲ್ಲ. ಮಾರೂರು ಯಾರು ಹೇಳ್ತಾರೆ ಹೇಳು. ನಾನೇ ಹೇಳೂದಿಲ್ಲ, ಯಾವ ಮೀನು ಇವತ್ತಿನದ್ದು, ಯಾವುದು ನಿನ್ನೇದು ಅಂತ.

ಬಕೇಟು ನೋಡ್ದ್ಯಾ ಇವತ್ತು? ಗಾಡಿ ಪಾಲಿನ ಬಕೇಟು. ನಾ ಒಂದು ಇಸ್ವಾಣ ಹಾಕಿದ್ದೆ. ಹೌದು, ಅಷ್ಟು ದರದ ಮೀನು, ತುಂಡಲ್ಲ, ಇಡೀ ಇಸ್ವಾಣ. ಎಲ್ಲರೂ ಬಂಗಡೆ ಹಾಕ್ತಾರೆ, ತಾರ್ಲೆ ಹಾಕ್ತಾರೆ, ನಾನೂ ದಿನಾ ಅದನ್ನೇ ಹಾಕೂದು. ಇವತ್ತು ಮನಸ್ಸಾತು, ಹಾಕ್ದೆ. ಎಂತಕ್ಕೆ ಅಂದ್ರೆ ಎಂತ ಹೇಳೂದು? ರೂಪೇಶ ಮಲ್ಪೇಲಿ ಬೋಟಿನ ಮೇಲೆ, ಮಳೆಗಾಲಕ್ಕೇ ಮನೆಗೆ ಬರೂದು. ನೀನು ಒಬ್ಬಳೇ ಗಾಡಿ, ಆಫೀಸು, ತೆರಿಗೆ ಅಂತ ಓಡಾಡೂದು. ಹುಡುಗಿ ತಿನ್ಲಿ ಅಂತ ಹಾಕ್ದೆ. ಒಂದು ಮೀನು ಹಾಕೂಕೆ ಕಾರಣ ಬೇಕಾ?

ಆತು, ಒಳಗೆ ಬರಲೇಬೇಕು ಅಂದ್ರೆ ಒಂದ್ಸಲ ಹೇಳಿ ನೋಡ್ತೆ. ತಪ್ಪಿದ್ರೆ ತಿದ್ದು. "ಸಾಯೇಬ್ರೇ, ನಾನು ಹೆಬಳೆ ಲಕ್ಕಿ. ಮೀನು ಮಾರೂಳು. ಇದು ಚಂದನಾ, ನಮ್ಮ ಕೇರಿ ರೂಪೇಶನ ಹೆಂಡ್ತಿ. ಇದು ಮಡಗಾಂವಿಂದ ಒಂದು ಹಳೇ ವ್ಯಾನು ತಂತು. ಬಿಳಿ ಬೋರ್ಡಿನ ಗಾಡಿ, ಸ್ವಂತಕ್ಕೆ ಅಂತ ತಂದದ್ದು. ಗೋವಾ ನಂಬರು ತೆಗೆದು ನಮ್ಮ ಬದಿ ನಂಬರು ಮಾಡ್ಸೂಕೆ ನಿಮ್ಮ ಹತ್ರ ಬಂತು. ಗಾಡಿ ಹಳೇದು, ತೆರಿಗೆ ಕಮ್ಮಿ ಬರ್ತದೆ ಅಂತ ಎಲ್ಲರೂ ಹೇಳಿದ್ರು. ನೀವು ನೋಡಿದ್ರೆ, ಇದು ಸ್ವಂತದ್ದಲ್ಲ, ಬಾಡಿಗೆ ಗಾಡಿ, ಹಳದಿ ಬೋರ್ಡಿನ ತೆರಿಗೆ ಕಟ್ಟು ಅಂತ ಬರೆದ್ರಿ. ಅದ್ರ ಮೇಲೆ ಪರ್ಮಿಟ್ಟು, ಅದ್ರ ಮೇಲೆ ದಂಡ. ಈ ಹುಡುಗಿ ಅಷ್ಟೆಲ್ಲ ಎಲ್ಲಿಂದ ಕಟ್ತದೆ? ಬಂದರದಿಂದ ನಾವು ಹೆಂಗಸ್ರು ಇದ್ರ ಗಾಡೀಲಿ ಬರೂದು ಹೌದು. ಬಾಡಿಗೆ ಅಂತ ಒಂದು ಪೈಸೆ ನಾವು ಕೊಟ್ಟಿದ್ದಿಲ್ಲ, ಇದು ತಕಂಡಿದ್ದಿಲ್ಲ. ಬೇಕಾದ್ರೆ ಆಣೆ ಮಾಡ್ತೆ."

ಹೆಂಗಾತು? ಸಮಾ ಆತಾ? ಎಂತಾದ್ರೂ ಹೇಳು ಮಾರಾಯ್ತಿ, ನಾನೊಬ್ಬಳೇ ಮಾತಾಡಿ ಮಾತಾಡಿ ಗಂಟ್ಲು ಒಣಗ್ತು.

ಬಸ್ಸಿನ ವಿಷ್ಯ ಬಿಟ್ಟೆ, ಅಲ್ದಾ? ಅದನ್ನೂ ಹೇಳ್ತೆ. "ಸಾಯೇಬ್ರೇ, ಹೆಂಗಸ್ರಿಗೆ ಬಸ್ಸು ಪುಕ್ಕಟೆ. ಬುಟ್ಟಿಗಲ್ಲ. ನಾವು ಹತ್ತೂದು ಬೇಡ ಅನ್ನೂದಿಲ್ಲ ಕಂಡಕ್ಟರು, ಬುಟ್ಟಿ ಬಿಟ್ಟು ಹತ್ತು ಅಂತಾನೆ. ಬುಟ್ಟಿ ಬಿಟ್ಟು ನಾವು ಹೊನ್ನಾವರಕ್ಕೆ ಬಂದು ಎಂತ ಮಾಡೂದು, ಸಿನ್ಮಾ ನೋಡೂದಾ?" ಇದಕ್ಕೆ ಅವ್ರು ನಗ್ತಾರೆ. ನಗಿಸಿದ್ರೆ ಅರ್ಧ ಕೆಲಸ ಆತು. ಅವ್ರು ಗಡಸಿನ ಮನುಷ್ಯ ಅಲ್ಲ, ಮೆತ್ತಗಿನವ್ರು. ಸಿಟ್ಟು ಮಾಡೂಕೂ ಆಗೂದಿಲ್ಲ ಅವ್ರಿಗೆ, ಬಿಪಿ ಅದೆ. ಒಣಮೀನು ಮುಟ್ಟೂದೇ ಇಲ್ಲ, ಉಪ್ಪು ಅಂತ.

…ಎಂತ? ಎಂತಕ್ಕೆ ನನ್ನ ಮೋರೆ ನೋಡ್ತಿ? ರಸ್ತೆ ನೋಡು, ಮುಂದೆ ಲಾರಿ ಅದೆ.

ಅಲ್ಲ, ಯಾರೋ ಹೇಳಿದ್ರು. ಬಂದರದಲ್ಲೇ ಯಾರೋ. ಅಧಿಕಾರಿಗಳು ಅಂದ್ರೆ ಎಲ್ಲರಿಗೂ ಬಿಪಿ ಇರ್ತದಪ್ಪ, ದಿನಾ ಕುಂತ್ಕಂಡೇ ಕೆಲಸ. ನಾ ಅವ್ರ ಮೋರೆ ಕಂಡವಳಾ? ಉದ್ದ ಇದ್ದಾರಾ, ಗಿಡ್ಡ ಇದ್ದಾರಾ, ನಂಗೆಂತ ಗೊತ್ತು. ನನ್ನ ಕೇರಿ ಬೇರೆ, ಅವ್ರ ಆಫೀಸು ಬೇರೆ. ನಾನು ಸರ್ಕಲಲ್ಲಿ ಇಳಿದು ಹೋಗೂದು, ನಾಲ್ಕು ಗಲ್ಲಿ ತಿರುಗೂದು, ಬುಟ್ಟಿ ಖಾಲಿ ಆದ್ರೆ ವಾಪಸ್ ಬರೂದು. ನೀ ಯಾವತ್ತಾದ್ರೂ ನನ್ನ ಗಲ್ಲಿ ಒಳಗೆ ಬಂದಿದ್ದ್ಯಾ? ಇಲ್ಲ. ಹಂಗಾರೆ ಅಲ್ಲಿ ಯಾರ್ಯಾರ ಮನೆ ಅದೆ ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ.

ಗಾಡಿ ಪಾಲಿನ ಮಾತು ಮಾತ್ರ ಅಲ್ಲಿ ಎತ್ತೂದು ಬೇಡ. ಅದು ನಮ್ಮೊಳಗಿನ ಮಾತು. ಆ ಹೆಸ್ರು ಇಟ್ಟದ್ದು ನಾನೇ, ನೆನಪದ್ಯಾ? ಮೊದಲ್ನೇ ದಿನ ನಾವೆಲ್ಲ ಸೊಂಟದ ಚೀಲ ಬಿಚ್ಚಿ ದುಡ್ಡು ತೆಗೆದ್ರೆ, ನೀನು ಎರಡೂ ಕೈ ಹಿಂದೆ ಕಟ್ಕಂಡು ನಿಂತಿ. ದುಡ್ಡು ತಕಂಡ್ರೆ ನಾ ಡ್ರೈವರು ಆಗ್ತೆ ಲಕ್ಕಕ್ಕ, ತಕಳ್ಳದಿದ್ರೆ ಮನೆಯೋಳಾಗಿ ಇರ್ತೆ ಅಂದಿ. ನಂಗೆ ಆಗ ಕಣ್ಣಲ್ಲಿ ನೀರು ಬಂತು, ಹೇಳ್ಲಿಲ್ಲ ನಾನು. ನಾನೇ ಅಂದೆ, ದೋಣಿಗೆ ಪಾಲು ಅದೆ, ಬಲೆಗೆ ಪಾಲು ಅದೆ, ದೇವ್ರಿಗೆ ಪಾಲು ಅದೆ, ರಂಪಣಿ ಬಲೆ ಎಳೆಯೂವಾಗ ಹಗ್ಗಕ್ಕೆ ಕೈ ಹಚ್ಚಿದ ದಾರಿಹೋಕನಿಗೂ ಪಾಲು ಅದೆ. ಗಾಡಿಗೆ ಎಂತಕ್ಕೆ ಬೇಡ? ಒಂದೊಂದು ಮೀನು ಹಾಕ್ವ, ಹುಡುಗಿ ಮನೆ ಸಾರಿಗೆ ಆತು, ಹೆಚ್ಚಿದ್ದು ಕೇರಿಗೆ ಆತು. ಆ ನೀಲಿ ಬಕೇಟು ನಮ್ಮ ಮನೇದು. ಈಗ್ಲೂ ಅದ್ರ ಹಿಡಿಗೆ ನಮ್ಮ ಬಾವಿ ಹಗ್ಗದ ತುಂಡು ಕಟ್ಟಿದ್ದು ಹಂಗೇ ಅದೆ.

ಬಾಡಿಗೆ ಅಂದ್ರೆ ಬೇರೆ, ಪಾಲು ಅಂದ್ರೆ ಬೇರೆ. ಬಾಡಿಗೆ ಕೊಟ್ಟವ ಇಳಿದು ಹೋದ, ಮುಗೀತು. ಪಾಲು ಕೊಟ್ಟವ ಗಾಡಿಯೋನೇ. ಗಾಡಿ ಕೆಟ್ರೆ ಅವನೂ ದೂಡ್ಬೇಕು. ಶಿರಾಲೀಲಿ ಟಯರು ಪಂಚರಾದ ದಿನ ನಾವೆಲ್ಲ ಇಳಿದು ದೂಡ್ಲಿಲ್ವಾ? ಬಾಡಿಗೆಯೋರು ದೂಡ್ತಾರಾ? ಇದನ್ನ ಆಫೀಸಲ್ಲಿ ಹೇಳಿದ್ರೆ ಯಾರಿಗೆ ತಿಳೀತದೆ? ದುಡ್ಡಾದ್ರೇನು ಮೀನಾದ್ರೇನು ಲಕ್ಕಿ, ಕೂರಿಸ್ಕಂಡು ಹೋಗಿದ್ದಕ್ಕೆ ಏನಾದ್ರೂ ತಗೊಂಡ್ರೆ ಅದು ಬಾಡಿಗೆನೇ ಅಂತ ಹೇಳಿಬಿಡ್ತಾರೆ, ಘಟ್ಟದ ಮೇಲಿನೋರು, ಅವ್ರಿಗೆಂತ…

ಲಕ್ಕಿ ಅಂತ ಅಂದೆನಾ? ಇಲ್ಲ, ಲಕ್ಕಿ ಅನ್ಲಿಲ್ಲ. ಅವ್ರಿಗೆ ನನ್ನ ಹೆಸ್ರು ಹೆಂಗೆ ಗೊತ್ತಿರ್ತದೆ. ಹೀಂಗೆ ಹೇಳಬಹುದು ಅಂತ ನಾನು ನನ್ನಷ್ಟಕ್ಕೆ ಹೇಳ್ಕಂಡೆ. ಒಬ್ಬಳೇ ಬುಟ್ಟಿ ಹೊತ್ಕಂಡು ತಿರುಗೂಳಿಗೆ ಒಬ್ಬಳೇ ಮಾತಾಡೂ ಚಾಳಿ ಇರ್ತದೆ ಮಗಾ. ಯಾರ್ಯಾರೋ ಎಂತೆಂತ ಹೇಳಿದ ಹಾಂಗೆ ಅನಿಸ್ತದೆ.

ಸೆಕೆ ಎಷ್ಟು ನೋಡು. ಕಿಟಕಿ ಗಾಜು ಇನ್ನೂ ಸ್ವಲ್ಪ ಇಳಿಸೂಕೆ ಬರ್ತದ್ಯಾ?

ಇದೆಲ್ಲ ಆದದ್ದು ಆ ದಾಸನಿಂದ. ಅವ ಆಫೀಸಿಗೆ ಹೋಗಿ ಕಿವಿ ಊದಿದ್ದು. ಮೊದ್ಲು ನಾವೆಲ್ಲ ಅವನ ಟೆಂಪೋಲೇ ಬರೂದಿತ್ತಲ್ಲ, ನೀ ಗಾಡಿ ತಂದ ಮೇಲೆ ಅವನಿಗೆ ಹೊಟ್ಟೆ ಉರೀತು. ಅವನೇ ಅಂತ ಮೊದ್ಲು ಹೇಳ್ದೋಳು ನಾನು. ಹೌದು, ನಾನೇ. ಹೇಳದೆ ಬಿಡೂದಾ? ನಿಂಗೆ ನೋಟೀಸು ಬಂದ ದಿನ ನೀನು ಬಂದರದ ಕಟ್ಟೆ ಮೇಲೆ ಕುಂತು ಅತ್ತಿ, ಯಾರು ಹೇಳಿದ್ದು ಲಕ್ಕಕ್ಕ, ಯಾರು ಹೇಳಿದ್ದು ಅಂತ ನನ್ನ ಕೈ ಹಿಡ್ಕಂಡು ಕೇಳ್ದಿ. ನನ್ನ ಬಾಯಿಗೆ ದಾಸನ ಹೆಸ್ರು ಬಂತು. ಅವ ಅಲ್ಲೇ ಐಸ್ ಪೆಟ್ಟಿಗೆ ಹತ್ತಿಸ್ತಾ ಇದ್ದ, ಕಣ್ಣೆದುರಿಗೆ ಬಿದ್ದ, ಹೇಳ್ದೆ.

ನೀ ಹೋಗಿ ಅವನಿಗೆ ಬೈದದ್ದು ನಾ ಮರ್ತಿದ್ದಿಲ್ಲ. ಅಷ್ಟು ಜನರ ಎದ್ರಿಗೆ. ನಿನ್ನ ಬಾಯಲ್ಲಿ ಅಂಥ ಮಾತು ಬರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅವ, ನಾನಲ್ಲ ತಂಗಿ ಅಂದ, ಹಗ್ಗ ಸುತ್ತಿಟ್ಕಂಡ, ಹೋದ. ತಪ್ಪಿಲ್ಲದವ ಹಂಗೆ ಸುಮ್ನೆ ಹೋಗ್ತಾನಾ? ಕೂಗಾಡ್ತಾನೆ. ತಪ್ಪಿದ್ದೋನೇ ಸುಮ್ನೆ ಹೋಗೂದು ಅಂತ ನಾ ಎಲ್ಲರಿಗೂ ಹೇಳ್ದೆ. ಕಡೆಗೆ ಯಾರೂ ಅವನ ಟೆಂಪೋಗೆ ಪೆಟ್ಟಿಗೆ ಹಾಕ್ಲಿಲ್ಲ. ಈಗ ಅವ ಭಟ್ಕಳ ಬಂದರಕ್ಕೆ ಬರೂದೇ ಬಿಟ್ಟ. ಕುಮಟೆ ಬದಿಗೆ ಹೋಗ್ತಾನಂತೆ, ಇಟ್ಟಿಗೆ ಸಾಗಿಸೂಕೆ. ಮೀನಿನ ಟೆಂಪೋಲಿ ಇಟ್ಟಿಗೆ.

ನೀ ಎಂತಾದ್ರೂ ಅಂದ್ಯಾ? ಇಲ್ಲ? ನಂಗೆ ಎಂತೋ ಕೇಳ್ದ ಹಾಂಗಾತು.

ಅವನ ಹೆಂಡ್ತಿ ಮೊನ್ನೆ ನನ್ನ ಎದ್ರಿಗೆ ಸಿಕ್ಕಿತ್ತು. ಬಾವಿ ಹತ್ರ. ಕೊಡಪಾನ ಸೊಂಟಕ್ಕೆ ಏರಿಸ್ಕಂತು, ನನ್ನ ನೋಡ್ತು, ಹೋತು. ಬೈದಿದ್ರೆ ನಂಗೆ ಹಗುರ ಆಗ್ತಿತ್ತು. ನಂಗೆ ಎಂತಕ್ಕೆ ಹಗುರ ಆಗ್ಬೇಕು ಅಂತ ಕೇಳ್ಬೇಡ. ಮಾತಿಗೆ ಹೇಳ್ದೆ.

ನಮ್ಮನೇರು ಇದ್ದಾಗ, ಅವ್ರು ರಂಪಣಿಗೆ ಹೋಗೂವಾಗ, ಬೀರ ಅಂತ ಒಬ್ರು ತಾಂಡೇಲ್ರಿದ್ರು. ಇಡೀ ದೋಣಿ ಅವ್ರ ಮಾತಲ್ಲಿ. ಒಂದ್ಸಲ ದೋಣೀಲಿದ್ದವ ಒಬ್ಬ, ಮೀನಿನ ಹಿಂಡು ಎಲ್ಲಿ ಬಂದದೆ ಅಂತ ಬೇರೆ ದೋಣಿಯೋರ ಹತ್ರ ಬಾಯಿ ಬಿಟ್ಟ. ಶೇಂದಿ ಕುಡಿಯೂವಾಗ ಬಂದ ಮಾತು, ಬೇಕು ಅಂತ ಹೇಳಿದ್ದಲ್ಲ. ತಾಂಡೇಲ್ರಿಗೆ ಗೊತ್ತಾತು. ಅವ್ರು ಬೈಲಿಲ್ಲ, ಕೇಳ್ಲಿಲ್ಲ. ಸಂಜೆ ಪಾಲು ಹಾಕೂವಾಗ ಮೊದ್ಲು ದೇವ್ರ ಪಾಲು ತೆಗೆಯೂದು ಕ್ರಮ ಅಲ್ದಾ? ಅವತ್ತು ದೇವ್ರ ಪಾಲಿಗಿಂತ ಮೊದ್ಲು ಅವನ ಪಾಲು ತೆಗೆದು ಅವನ ಕೈಲೇ ಇಟ್ರು. ಅಷ್ಟೇಯ. ದೋಣಿ ಜತೆ ತನ್ನ ಲೆಕ್ಕ ಮುಗೀತು ಅಂತ ಅವನಿಗೆ ತಿಳೀತು. ಮರುದಿನ ಅವ ದೋಣಿ ಹತ್ರ ಬರ್ಲಿಲ್ಲ, ಯಾರೂ ಅವನ ಕರೀಲೂ ಇಲ್ಲ. ನಮ್ಮನೇರು ಮನೆಗೆ ಬಂದು ನಂಗೆ ಇದನ್ನ ಹೇಳೂವಾಗ ಅನ್ನ ಬಿಟ್ಟು ಎದ್ದಿದ್ರು. ಹೊಡೆದಿದ್ರೆ ಮರೀತಿದ್ದ ಅಂದ್ರು.

ದಾಸನಿಗೆ ಹಂಗೇ ಮಾಡ್ಬೇಕಿತ್ತು ಅಂತ ಹೇಳೂಕೆ ಹೋದೆ. ಈಗ ಬೇಡ ಅನಿಸ್ತದೆ. ಅವನಿಗೂ ಮಕ್ಳು ಅದೆ.

ಇಲ್ಲೇ ಕಾಸರಕೋಡು ಬಂತಲ್ಲ. ಒಂದು ಗಳಿಗೆ ನಿಲ್ಸು ಮಗಾ. ನಮ್ಮ ಮಾಸ್ತಮ್ಮನ ಮನೆ ಇಲ್ಲೇ ಒಳಗೆ, ಅದ್ರ ಸೊಸೆ ಹೆರಿಗೆಗೆ ಬಂದದೆ, ನೋಡ್ಕಂಡು ಕಡೆಗೆ ನಡ್ಕಂಡೇ ಬರ್ತೆ. ಸೇತುವೆ ದಾಟಿದ್ರೆ ಹೊನ್ನಾವರವೇ, ಎಷ್ಟು ದೂರ? ನೀ ಮುಂದೆ ಹೋಗಿ ಆಫೀಸಲ್ಲಿ ಕುಂತಿರು.

ನಿಲ್ಸೂದಿಲ್ವಾ?

ಮೀನು ಬೇರೆ ಮೆತ್ತಗಾಗ್ತದೆ. ಆಫೀಸಲ್ಲಿ ಎಷ್ಟು ಹೊತ್ತು ಕೂರಿಸ್ತಾರೋ ಎಂತೋ. ಇಷ್ಟು ಹೊತ್ತಿಗೆ ನನ್ನ ಗಿರಾಕಿಗಳು ಗೇಟಿನ ಹತ್ರ ಬಂದು ನೋಡ್ತಾ ಇರ್ತಾರೆ. ಮೊಣಕಾಲು ಬೇರೆ ನಿನ್ನೆಯಿಂದ ಬಾತದೆ. ನಿಜವಾಗ್ಲೂ. ಮುಟ್ಟಿ ನೋಡು ಬೇಕಾದ್ರೆ. ಹೊನ್ನಿನ್ನಾದ್ರೂ ಕರ್ಕಂಡು ಬರ್ಬೇಕಿತ್ತು ನೀನು, ಅದಕ್ಕೆ ಪ್ರಾಯ ಅದೆ, ಬಾಯಿನೂ ಅದೆ. ಎಲ್ಲರನ್ನೂ ಇಳಿಸಿ, ಲಕ್ಕಕ್ಕ ನೀವೊಬ್ರು ಬನ್ನಿ ಸಾಕು ಅಂದಿ. ನಾನೊಬ್ಬಳೇ ಎಂತಕ್ಕೆ?

ಕಾಸರಕೋಡು ಹೋತು. ಸೇತುವೆ ಬಂತು.

ಇಲ್ಲಿ ಬಂದ್ರೆ ನೀ ದಿನಾ ಎಂತಾದ್ರೂ ಹೇಳ್ತಿದ್ದಿ. ನದಿಲಿ ನೀರು ಏರ್ತು ಅಂತ್ಲೋ, ಆ ದೋಣಿ ಯಾರದ್ದು ಅಂತ್ಲೋ. ಎಲ್ಲರೂ ಇಳಿದು ಕಡೆಗೆ ಉಳಿಯೂದು ನಾವಿಬ್ರೇ ಅಲ್ದಾ ದಿನಾ, ನಂಗೆ ಈ ಸೇತುವೆ ಮೇಲಿನ ಹೊತ್ತು ಬಾಳ ಇಷ್ಟ. ನೀ ಡ್ರೈವಿಂಗ್ ಕಲ್ತ ಕತೆ ಹೇಳಿದ್ದು ಇಲ್ಲೇ. ಬಂಗಾರ ಎಲ್ಲಾ ಸೊಸೈಟೀಲಿ ಅಡ ಇಟ್ಟು ಗಾಡಿ ತಂದೆ ಲಕ್ಕಕ್ಕ, ಅತ್ತೆಗೆ ಇನ್ನೂ ಹೇಳಿದ್ದಿಲ್ಲ ಅಂದದ್ದೂ ಇಲ್ಲೇ. ಅದನ್ನ ನಾ ಯಾರಿಗೂ ಹೇಳಿದ್ದಿಲ್ಲ. ದೇವ್ರಾಣೆ. ಅಂಥದ್ದೆಲ್ಲ ನಾ ಹೇಳೂಳಲ್ಲ.

ತೆರಿಗೆ ಕಮ್ಮಿ ಮಾಡದಿದ್ರೆ ಗಾಡಿ ಮಡಗಾಂವದವನಿಗೇ ವಾಪಸ್ ಅಂದ್ಯಲ್ಲ, ಅದು ನಿಜವಾ? ಸಿಟ್ಟಿಗೆ ಹೇಳಿದ್ದಲ್ವಾ? ವಾಪಸ್ ಕೊಟ್ರೆ ಅವ ಅರ್ಧ ದುಡ್ಡು ಕೊಡ್ತಾನೆ. ಬಂಗಾರ ಅಲ್ಲೇ ಉಳೀತದೆ. ನಾವು ಮತ್ತೆ ಬಂದರದ ರಸ್ತೆ ಬದೀಲಿ ಬುಟ್ಟಿ ಇಟ್ಕಂಡು ಹೋಗೂ ಬರೂ ಗಾಡಿಗೆಲ್ಲ ಕೈ ಮಾಡೂದು… ನೀ ಹಂಗೆಲ್ಲ ಮಾಡ್ಬೇಡ. ನಾನು ಹೇಳ್ತೆ ಸಾಯೇಬ್ರಿಗೆ. ಕಾಲಿಗೆ ಬಿದ್ದಾದ್ರೂ ಹೇಳ್ತೆ.

ಮೊನ್ನೆ ಬುಧವಾರ ನೀ ಒಬ್ಬಳೇ ಆಫೀಸಿಗೆ ಹೋಗಿದ್ದಿ ಅಲ್ದಾ? ನನ್ನನ್ನ ಸರ್ಕಲಲ್ಲಿ ಇಳಿಸಿ ಹೋದಿ. ವಾಪಸ್ ಬರೂವಾಗ ಎಂತ ಹೇಳಿದ್ರು ಅಂತ ನಾ ಕೇಳ್ದೆ, ನೀ ಎಂತದೂ ಇಲ್ಲ ಅಂದಿ. ಅವತ್ತಿಂದ ನೀ ಹೀಂಗೆ. ಮಾತು ಕಮ್ಮಿ. ತೆರಿಗೆ ಚಿಂತೆ ಅಂದ್ಕಂಡೆ ನಾನು. ಎಂತ ಹೇಳಿದ್ರು ಅವ್ರು? ಯಾರು ಹೇಳಿದ್ದು ಅಂತ ಹೇಳಿದ್ರಾ? ಹಂಗೆಲ್ಲ ಹೇಳೂದಿಲ್ಲ ಅವ್ರು, ಆಫೀಸಿನೋರು. ಹೇಳೂಕಾಗೂದಿಲ್ಲ. ಅಲ್ದಾ?

ಸರ್ಕಲು ಬಂತು. ನನ್ನ ಇಲ್ಲೇ ಬಿಡು ಬೇಕಾದ್ರೆ.

ಏ, ಆಫೀಸಿಗೆ ಹೋಗೂಕೆ ಈ ರಸ್ತೆ ಎಂತಕ್ಕೆ ಹಿಡ್ದಿ? ಇದು ಆಫೀಸಿನ ದಾರಿ ಅಲ್ಲ. ತಿರುಗ್ಸು. ಮುಂದೆ ಗಲ್ಲಿ ಸಣ್ಣದು, ನಿನ್ನ ಗಾಡಿ ಹೋಗೂದಿಲ್ಲ. ಹೋಗ್ತದಾ… ಹೋಗ್ತದೆ. ಎಡಕ್ಕೆ ತಿರುಗೂದು ಅಂತ ನಿಂಗೆ ಯಾರು ಹೇಳಿದ್ರು? ನಾ ಹೇಳಿದ್ದಿಲ್ಲ. ಚಂದನಾ, ಇಲ್ಲಿ ಎಂತದೂ ಇಲ್ಲ, ಬರೀ ಕ್ವಾರ್ಟರ್ಸು. ಇದು ನನ್ನ ಗಲ್ಲಿನೂ ಅಲ್ಲ. ನಾ ಇತ್ಲಾಗೆ ಬರೂದೇ ಅಪರೂಪ.

ಇಲ್ಲಿ ಎಂತಕ್ಕೆ ನಿಲ್ಸಿದ್ದಿ?

ಯಾರ ಮನೆ ಇದು? ನಂಗೆ ಗೊತ್ತಿಲ್ಲ. ಗಾಡಿ ಬಂದ್ ಮಾಡ್ಬೇಡ, ಹೋಗ್ವ. ಆಫೀಸಿಗೆ ಹೊತ್ತಾಗ್ತದೆ. ನಾ ಅಲ್ಲೇ ಒಳಗೆ ಬರ್ತೆ, ಆತಾ? ಎಲ್ಲರ ಎದ್ರಿಗೂ ಹೇಳ್ತೆ. ಗಾಡಿ ತಿರುಗ್ಸು.

ಆ ನಾಯಿ… ಅದೊಂದು ನಾಯಿ. ಯಾರನ್ನ ಕಂಡ್ರೂ ಹಂಗೇ ಮಾಡ್ತದೆ ಅದು. ಮೀನಿನ ವಾಸನೆಗೆ ಬಂತು. ನನ್ನ ನೋಡಿ ಅಲ್ಲ. ಹೋಗ್ ಹೋಗ್. ಕಾಲು ಎತ್ತಿ ಬಾಗ್ಲಿಗೆ ಹಚ್ಚೂದು ನೋಡು, ಹೋಗಾ ಟಾಮಿ…

…

ಹೌದು. ಟಾಮಿ ಅಂದೆ. ಅದ್ರ ಹೆಸ್ರು ಟಾಮಿ. ದಿನಾ ಬಂಗಡೆ ತಲೆ ಹಾಕೂದು ನಾನು ಅದಕ್ಕೆ.

ನೋಡ್ಬೇಡ ಹಂಗೆ. ಎಂತಾದ್ರೂ ಅನ್ನು. ನೀ ಬುಧವಾರದಿಂದ ಗೊತ್ತಿದ್ದೂ ಸುಮ್ನೆ ನನ್ನನ್ನ ಗಾಡೀಲಿ ಹತ್ತಿಸ್ಕಂಡಿ, ಇಳಿಸ್ದಿ. ನಾ ಬಾಗ್ಲು ತೆಗಿ ಮಗಾ ಅಂದಾಗೆಲ್ಲ ಬಂದು ತೆಗ್ದಿ. ಇವತ್ತು ಆ ಆಣೆ ಮಾತನ್ನೂ ಕೇಳ್ಕಂಡು ಕುಂತಿ.

ನಾ ಹೋಗಿ ದೂರು ಕೊಟ್ಟಿದ್ದಲ್ಲ ಚಂದನಾ. ಅದೊಂದು ನೀ ನಂಬು. ಸಾಯೇಬ್ರ ಮನೆಯ ಈ ಜಗಲಿ ಮೇಲೆ ಕುಂತು ನೊಗ್ಲಿ ಮೀನು ಹೆಚ್ಚಿ ಕೊಡ್ತಾ ಇದ್ದೆ. ಅಮ್ಮೋರು ದರ ಬಾಳಾತು, ಕಮ್ಮಿ ಮಾಡು ಅಂದ್ರು. ದಿನಾ ಅಂತಾರೆ. ನಾ ದಿನಾ ಎಂತಾದ್ರೂ ಹೇಳ್ತೆ, ಗಾಳಿ ಅದೆ, ದೋಣಿ ಹೋಗ್ಲಿಲ್ಲ, ಐಸಿಗೆ ಜಾಸ್ತಿ ಆತು ಅಂತ. ಅವತ್ತು ಹೊಸದಾಗಿ ಹೇಳೂಕೆ ಎಂತದೂ ಇರ್ಲಿಲ್ಲ. ದೋಣಿ ಪಾಲು ಹೋಗ್ಬೇಕು ಅಮ್ಮಾ, ಈಗ ಗಾಡಿ ಪಾಲು ಬೇರೆ ಕೊಡೂಕದೆ ಅಂದೆ. ದರ ಇಳಿಸಬಾರ್ದು ಅಂತ ಬಾಯಿಗೆ ಬಂದ ಮಾತು ಅದು. ಸಾಯೇಬ್ರು ಪೇಪರು ಓದ್ತಾ ಇದ್ದೋರು ಪೇಪರು ಇಳಿಸಿ, ಯಾವ ಗಾಡಿ ಲಕ್ಕಿ, ಅಂತ ನಗ್ತಾ ಕೇಳಿದ್ರು.

ನಾ ಅಲ್ಲಿಗೆ ನಿಲ್ಲಿಸ್ಬಹುದಿತ್ತು. ಗೊತ್ತದೆ. ನಿಲ್ಲಿಸ್ಲಿಲ್ಲ. ನಂಗೆ ನಿನ್ನ ವಿಷ್ಯ ಹೇಳೂದಂದ್ರೆ ಅಷ್ಟು ಸೊಕ್ಕು ಮಗಾ. ನಮ್ಮ ಕೇರಿ ಹುಡುಗಿ, ಗೋವಾ ನಂಬರಿನ ಬಿಳಿ ಗಾಡಿ ತಂದದೆ, ತಾನೇ ಓಡಿಸ್ತದೆ, ನಾವೆಲ್ಲ ದಿನಾ ಪಾಲು ಕೊಡ್ತ್ವು ಅಂತ ಎಲ್ಲಾ ಹೇಳ್ದೆ. ಅವ್ರು ಯಾವ ಸಾಯೇಬ್ರು ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ನೋಟೀಸು ಬಂದ ದಿನ, ಅದ್ರಲ್ಲಿದ್ದ ಹೆಸ್ರು ಕೇಳಿ ಗೊತ್ತಾತು. ನೀ ಕೈ ಹಿಡ್ಕಂಡು ಕೇಳ್ದಾಗ ಗೊತ್ತಿತ್ತು. ನಾನೇ ಅನ್ನೂಕೆ ಬಾಯಿ ಬರ್ಲಿಲ್ಲ, ದಾಸ ಕಣ್ಣೆದುರಿಗಿದ್ದ.

ಕಡೆಗೂ ನೊಗ್ಲಿ ದರ ಕಮ್ಮಿ ಮಾಡಿಯೇ ಕೊಟ್ಟೆ ಅವತ್ತು.

…ಎಲ್ಲಿಗೆ ಇಳೀತಿ? ಇರು. ನಾ ಇನ್ನೂ…

ಬಾಗ್ಲು ತೆಗ್ದು ನಿಂತ್ಯಾ. ಆಗಿಂದ ಇಳಿಸು ಇಳಿಸು ಅಂತ ಬೇಡಿದೋಳು ನಾನೇ. ಈಗ ನೀ ಬಾಗ್ಲು ತೆಗೆದು ಹಿಡ್ಕಂಡ್ರೆ ನಾನೇ ಸೀಟು ಹಿಡ್ಕಂಡು ಕುಂತೆ.

ಆತು, ಇಳೀತೆ. ಅಮ್ಮೋರು ಒಳಗಿಂದ ಕರೀತಾ ಅದಾರೆ, ಕೇಳ್ತಾ? ಲಕ್ಕಿ ಇವತ್ತು ಎಂತ ತಂದಿ ಅಂತ. ಹಾಂ ಅಮ್ಮಾ, ಬಂದೆ, ಬಂದೆ… ಸಾಯೇಬ್ರ ಚಪ್ಪಲಿ ಮೆಟ್ಲ ಮೇಲೇ ಅದೆ, ಇನ್ನೂ ಆಫೀಸಿಗೆ ಹೋಗಿದ್ದಿಲ್ಲ. ಹೇಳ್ತೆ ಚಂದನಾ. ಪಾಲು ಅಂದ್ರೆ ಎಂತ ಅಂತ ಹೇಳ್ತೆ. ದರಕ್ಕೋಸ್ಕರ ಆಡಿದ ಮಾತು ಅಂತ ಹೇಳ್ತೆ. ದಾಸನ ಮನೆಗೂ ಹೋಗ್ತೆ, ಇವತ್ತೇ ಸಂಜೆ. ಬಂದರದಲ್ಲಿ ಎಲ್ಲರ ಎದ್ರಿಗೆ ಹೇಳು ಅಂದ್ರೆ ಅಲ್ಲೂ ಹೇಳ್ತೆ. ನನ್ನ ಬುಟ್ಟಿ ಇಳಿಸ್ಕೊಡು ಮಗಾ, ಭಾರ ಅದೆ ಇವತ್ತು. ಬೆಳಿಗ್ಗೆ ಇಷ್ಟು ಭಾರ ಇರ್ಲಿಲ್ಲ ಇದು. ಗೋಣಿ ಅಡಿಗೆ ಎಂತ…

ಇದು ನನ್ನ ಇಸ್ವಾಣ ಅಲ್ದಾ?

ನಾ ಬಕೇಟಿಗೆ ಹಾಕಿದ್ದು. ಮಂಕೀಲಿ ಹಿಂದೆ ನೀ ಮಾಡ್ತಾ ಇದ್ದದ್ದು ಇದನ್ನಾ?

ತಕ. ಬಕೇಟಿಗೆ ಹಾಕು ಇದನ್ನ. ನನ್ನ ಪಾಲು ನಂಗೆ ಬೇಡ. ಕೈ ಮುಂದೆ ಮಾಡು ಚಂದನಾ. ಮೊದಲ್ನೇ ದಿನ ನಿಂತ ಹಾಂಗೆ ಕೈ ಹಿಂದೆ ಕಟ್ಕಂಡು ನಿಲ್ಬೇಡ ಮಗಾ, ತಕ. ಬೇಕಾದ್ರೆ ಬೈಯಿ. ಇಷ್ಟು ಜನ ಗಲ್ಲೀಲಿ ಅದಾರೆ, ದಾಸನಿಗೆ ಬೈದ ಹಾಂಗೆ ನಂಗೂ ಬೈಯಿ. ನಾ ನಿಂತು ಕೇಳ್ತೆ.

ಬೈಯೂದಿಲ್ವಾ?

ಆತು. ಹೋಗ್ತೆ ಒಳಗೆ. ನೀ ಕಾಯೂದು ಬೇಡ, ನಾ ಕಡೆಗೆ ಹೆಂಗಾದ್ರೂ ವಾಪಸ್ ಹೋಗ್ತೆ. ಒಂದೇ ಒಂದು ಕೇಳ್ತೆ, ಅದಕ್ಕಾದ್ರೂ ಹೇಳು.

ನಾಳೆ ಬೆಳಿಗ್ಗೆ ಬಂದರದ ಹತ್ರ, ದಿನಾ ನಿಲ್ಲೂ ಜಾಗದಲ್ಲಿ, ನಾ ನಿಲ್ಲಲಾ?

ಚಂದನಾ. ನಿಲ್ಲಲಾ ನಾನು?